ಜಿರಳೆಯ ಪೊರೆ ಕಳಚುವಿಕೆ: ತೊಡಕುಗಳು ಮತ್ತು ಅಸಹಜ ರೂಪಗಳು

ಕೀಟಗಳ ಪಾಠ ನಡೆಯುವ ದಿನಗಳಲ್ಲಿ ವಿದ್ಯಾರ್ಥಿಗಳು ಬಾಟಲಿಯಲ್ಲಿ ಜಿರಳೆಯನ್ನು ಹಿಡಿದು ತರುವುದುಂಟು. ಗೋವೆಯ ತೇವಭರಿತ ಕರಾವಳಿಯಲ್ಲಿ ಅದು ಹುಡುಕದೆಯೇ ದೊರೆಯುವ ಜೀವಿ. ಹೀಗೆ ತಂದ ಜಿರಳೆ ಕೆಲವೊಮ್ಮೆ ಹಾಲಿನಂತೆ ಬೆಳ್ಳಗಿರುತ್ತದೆ. ಕೆಲವೊಮ್ಮೆ ಅದರ ರೆಕ್ಕೆ ಮುದುಡಿರುತ್ತದೆ ಅಥವಾ ಒಂದು ಕಾಲು ಗಿಡ್ಡವಾಗಿರುತ್ತದೆ. “ಸರ್, ಇದಕ್ಕ ಏನಾಗೈತ್ರಿ?” ಎಂಬ ಪ್ರಶ್ನೆಗೆ “ರೋಗ ಬಂದಿದೆ, ಬಿಸಾಡು” ಎಂದು ಉತ್ತರಿಸುವುದು ಸುಲಭ. ಸೇವೆಯ ಆರಂಭದಲ್ಲಿ ನಾನೂ ಹಾಗೆಯೇ ಉತ್ತರಿಸಿದ್ದೇನೆ. ಆ ಉತ್ತರ ತಪ್ಪಾಗಿತ್ತು. ಸರಿಯಾದ ಉತ್ತರವು ಪೊರೆ ಕಳಚುವ ಕ್ರಿಯೆಯಲ್ಲಿದೆ.

1. ಪೊರೆ ಕಳಚುವ ಬಗೆ

ಜಿರಳೆಗೆ ಒಳಗೆ ಎಲುಬುಗಳಿಲ್ಲ. ಕೈಟಿನ್‌ಯುಕ್ತ ಹೊರಕವಚವೇ ದೇಹಕ್ಕೆ ಆಧಾರ. ಗಟ್ಟಿಯಾದ ಕವಚ ಹಿಗ್ಗದು. ಆದ್ದರಿಂದ ಬೆಳೆಯುವ ಮರಿಯು ಅದನ್ನು ಕಳಚಲೇಬೇಕು. ನಮ್ಮ ಮನೆಗಳ ದೊಡ್ಡ ಕೆಂಗಂದು ಜಿರಳೆಯ (ಪೆರಿಪ್ಲಾನೆಟಾ ಅಮೆರಿಕಾನಾ) ಮರಿಯು ಸುಮಾರು 13 ಬಾರಿ ಪೊರೆ ಕಳಚಿ ಪ್ರೌಢಾವಸ್ಥೆಗೆ ಬರುತ್ತದೆ.

ಎಕ್ಡೈಸೋನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ ಹಳೆಯ ಕವಚದ ಅಡಿಯಲ್ಲಿ ಮೃದುವಾದ ಹೊಸ ಕವಚ ರೂಪುಗೊಳ್ಳುತ್ತದೆ. ಬಳಿಕ ಕೀಟವು ಗಾಳಿ ನುಂಗಿ ಮೈ ಉಬ್ಬಿಸುತ್ತದೆ. ಬೆನ್ನಿನ ನಡುಗೆರೆಯಲ್ಲಿ ಹಳೆಯ ಕವಚ ಸೀಳುತ್ತದೆ. ಕಾಲು ಮತ್ತು ಕುಡಿಮೀಸೆಗಳ ಹೊದಿಕೆಯಷ್ಟೇ ಅಲ್ಲ, ಶ್ವಾಸನಾಳಗಳ ಒಳಪದರವೂ ಅದರೊಂದಿಗೆ ಹೊರಬರುತ್ತದೆ. ಆಗ ಕೀಟ ಬೆಳ್ಳಗಿರುತ್ತದೆ. ಕೆಲವು ಗಂಟೆಗಳಲ್ಲಿ ಕವಚ ಗಟ್ಟಿಯಾಗಿ ಕಂದುಬಣ್ಣ ತಾಳುತ್ತದೆ. ಅಂದರೆ ಬಿಳಿ ಜಿರಳೆ ಬೇರೆ ಜಾತಿಯದೂ ಅಲ್ಲ, ರೋಗಿಯೂ ಅಲ್ಲ.

ಮಕ್ಕಳ ಅನುಭವದಿಂದ ಎರಡು ಹೋಲಿಕೆಗಳನ್ನು ಕೊಡಬಹುದು. ಕೊಂಕಣಿಯಲ್ಲಿ ಕುರ್ಲಿ ಎನ್ನುವ ಏಡಿಯೂ ಪೊರೆ ಕಳಚಿದಾಗ ಮೆತ್ತಗಿರುತ್ತದೆ. ಕರ್ನಾಟಕದ ರೇಷ್ಮೆ ಬೆಳೆಗಾರರು ಹುಳು ನಾಲ್ಕು ಬಾರಿ ಪೊರೆ ಕಳಚುವುದನ್ನು ‘ಜ್ವರ’ ಎಂದೇ ಕರೆಯುತ್ತಾರೆ. ಹೆಸರು ಜ್ವರವಾದರೂ ಅದು ಕಾಯಿಲೆಯಲ್ಲ. ಆ ಹೊತ್ತಿನಲ್ಲಿ ಅವರು ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಅದನ್ನು ಅಲುಗಿಸುವುದೂ ಇಲ್ಲ.

2. ತೊಡಕುಗಳು

ಮಡಗಾಸ್ಕರಿನ ಬುಸುಗುಡುವ ಜಿರಳೆಯನ್ನು ಕೆಲವು ದೇಶಗಳಲ್ಲಿ ಮನೆಯಲ್ಲಿ ಸಾಕುತ್ತಾರೆ. ಅಂತಹ ಸಾಕುಜಿರಳೆಗಾಗಲಿ ನಮ್ಮ ಬಾಟಲಿಯ ಜಿರಳೆಗಾಗಲಿ ಎದುರಾಗುವ ತೊಡಕುಗಳು ಒಂದೇ ಬಗೆಯವು.

ಅ) ಗಾಳಿ ಒಣಗಿದ್ದರೆ ಹಳೆಯ ಪೊರೆ ಅಂಟಿಕೊಂಡು ಕಾಲು ಅಥವಾ ಕುಡಿಮೀಸೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೂ ನೀರಿನಂಶವಿಲ್ಲದ ಬಾಟಲಿಯೊಳಗೆ ಹೀಗಾಗಬಹುದು.

ಆ) ಹಿಡಿದು ನಿಲ್ಲಲು ಒರಟು ಆಸರೆ ಮತ್ತು ಸಾಕಷ್ಟು ಜಾಗ ಇಲ್ಲದಿದ್ದರೆ ಮೃದುವಾದ ದೇಹ ಬಾಗಿದಂತೆಯೇ ಗಟ್ಟಿಯಾಗುತ್ತದೆ.

ಇ) ಜಿರಳೆಗಳು ಕಿಕ್ಕಿರಿದಿದ್ದರೆ ಮೆತ್ತಗಿರುವುದನ್ನು ಉಳಿದವು ಕಚ್ಚಿ ಗಾಯಗೊಳಿಸುತ್ತವೆ.

3. ಅಸಹಜ ರೂಪಗಳು

ಗಿಡ್ಡ ಕಾಲು ಹೆಚ್ಚಾಗಿ ದುರಸ್ತಿಯ ಗುರುತು. ಮರಿಯು ಕಳೆದುಕೊಂಡ ಕಾಲು ಮುಂದಿನ ಪೊರೆ ಕಳಚುವಿಕೆಗಳಲ್ಲಿ ಮರಳಿ ಬೆಳೆಯುತ್ತದೆ. ಸಹಜವಾದ ಪಾದದಲ್ಲಿ ಐದು ತುಣುಕುಗಳಿದ್ದರೆ, ಮರುಹುಟ್ಟು ಪಡೆದ ಪಾದದಲ್ಲಿ ಸಾಮಾನ್ಯವಾಗಿ ನಾಲ್ಕೇ ಇರುತ್ತವೆ. ಭೂತಗನ್ನಡಿಯಿಂದ ವಿದ್ಯಾರ್ಥಿಗಳೇ ಇದನ್ನು ಎಣಿಸಬಹುದು.

ಮುದುಡಿದ ರೆಕ್ಕೆ ಕೊನೆಯ ಪೊರೆ ಕಳಚುವಿಕೆಯ ವೇಳೆ ಉಂಟಾದ ದೋಷ. ಪ್ರೌಢ ಜಿರಳೆ ಮತ್ತೆ ಪೊರೆ ಕಳಚದ ಕಾರಣ ಅದು ಸರಿಯಾಗದು. ದೇಹದ ಒಂದು ಪಾರ್ಶ್ವ ಗಂಡು, ಇನ್ನೊಂದು ಹೆಣ್ಣು ಆಗಿರುವ ಕೀಟಗಳೂ ಅತ್ಯಂತ ವಿರಳವಾಗಿ ಕಾಣಸಿಗುತ್ತವೆ. ಇದಕ್ಕೆ ಕಾರಣ ಬೆಳವಣಿಗೆಯ ಆರಂಭದಲ್ಲಿಯೇ ಇರುತ್ತದೆ.

4. ಶಿಕ್ಷಕರು ಗಮನಿಸಬೇಕಾದುದು

• ವೀಕ್ಷಣೆಗೆ ಗಾಳಿಯಾಡುವ ಅಗಲಬಾಯಿಯ ಭರಣಿ, ಒರಟು ರಟ್ಟಿನ ತುಂಡು, ಒದ್ದೆ ಹತ್ತಿ ಸಾಕು.

• ಸಿಕ್ಕಿಕೊಂಡ ಪೊರೆಯನ್ನು ಕನಿಕರದಿಂದಲೂ ಎಳೆಯಬಾರದು. ಅದರೊಂದಿಗೆ ಮೆತ್ತನೆಯ ಕಾಲೂ ಕಿತ್ತುಬರುತ್ತದೆ. ತೇವ ಹೆಚ್ಚಿಸಿ ಕಾಯಬೇಕು.

• ಜಿರಳೆ ರೋಗಾಣುಗಳನ್ನು ಹೊರುತ್ತದೆ; ಅದರ ಪೊರೆಯ ಧೂಳು ಉಬ್ಬಸವನ್ನು ಕೆರಳಿಸಬಲ್ಲದು. ಮಕ್ಕಳು ಮುಚ್ಚಿದ ಭರಣಿಯನ್ನಷ್ಟೇ ನೋಡಲಿ. ಬಳಿಕ ಸಾಬೂನಿನಿಂದ ಕೈ ತೊಳೆಯಲಿ. ಉಬ್ಬಸವಿರುವ ಮಗುವನ್ನು ದೂರ ಕೂರಿಸಬೇಕು.

• ‘ಕುಂಟ’, ‘ವಿಕಾರ’ ಎಂಬ ಮಾತುಗಳು ಪಾಠದಲ್ಲಿ ಬರಬಾರದು. ಅಂಗವೈಕಲ್ಯವುಳ್ಳ ಮಗು ಅದೇ ತರಗತಿಯಲ್ಲಿ ಕುಳಿತಿರಬಹುದು. ಜಿರಳೆಗೆ ಅಂದ ಮಾತು ಬಿಡುವಿನ ವೇಳೆಯಲ್ಲಿ ಆ ಮಗುವಿಗೆ ಅಂಟಿಕೊಳ್ಳುತ್ತದೆ.

ಪಠ್ಯದ ಚಿತ್ರದಲ್ಲಿರುವುದು ದೋಷವಿಲ್ಲದ ಒಂದೇ ಜಿರಳೆ. ಮಗು ತಂದ ಬಾಟಲಿಯಲ್ಲಿ ಇರುವುದು ಬೆಳೆಯುವಾಗ ತೊಡಕನ್ನು ಎದುರಿಸಿ ಬದುಕಿದ ಜೀವಿ. ಅದನ್ನು ಬಿಸಾಡಿಸದೆ, “ಯಾವಾಗ ಹೀಗಾಗಿರಬಹುದು?” ಎಂದು ಮಗುವನ್ನೇ ಮರಳಿ ಕೇಳಿದರೆ ವಿಜ್ಞಾನದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.