ಹೊಲದ ಬೆಳೆಯೂ ಮೊಬೈಲಿನ ಬರಹವೂ ಒಂದಾಗಿರಲಿ



ನಿಮ್ಮ ಹೊಲದಲ್ಲಿ ಈಗ ಯಾವ ಬೆಳೆ ಇದೆ ಎಂದು ಕೇಳಿದರೆ ನೀವು ನಗುತ್ತೀರಿ. ಉತ್ತವರು ನೀವು, ಬಿತ್ತಿದವರು ನೀವು, ಕಳೆ ಕಿತ್ತವರು ನೀವು. ನಿಮಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಸರಿ, ಈಗ ಇನ್ನೊಂದು ಪ್ರಶ್ನೆ. ನಿಮ್ಮ ಹೊಲದಲ್ಲಿ ಯಾವ ಬೆಳೆ ಇದೆಯೆಂದು ಸರಕಾರದ ದಾಖಲೆಯಲ್ಲಿ ಬರೆದಿದೆ? ಇದಕ್ಕೆ ತಡವರಿಸದೆ ಉತ್ತರ ಹೇಳುವವರು ಊರಲ್ಲಿ ಎಷ್ಟು ಜನ ಇದ್ದಾರು?

ಈ ಎರಡು ಉತ್ತರಗಳೂ ಒಂದೇ ಆಗಿರಬೇಕು. ಬೇರೆಬೇರೆಯಾದರೆ ನಷ್ಟ ರೈತನದೇ. ಈ ದಾಖಲೆಯನ್ನು ಈಗ ಬರೆಯುವುದು ಬಟ್ಟೆ ಸುತ್ತಿಟ್ಟ ಪುಸ್ತಕದಲ್ಲಲ್ಲ, ಮೊಬೈಲ್ ಫೋನಿನಲ್ಲಿ. ಅದನ್ನು ಬರೆಯುವುದು ಹೇಗೆ, ನೋಡುವುದು ಹೇಗೆ, ತಪ್ಪಿದ್ದರೆ ಮಾಡಬೇಕಾದ್ದೇನು ಎಂಬುದನ್ನು ಇಂದು ತಿಳಿದುಕೊಳ್ಳೋಣ.

ಮೊದಲು ಹಿಂದಿನ ಪದ್ಧತಿಯನ್ನು ನೆನೆಯೋಣ. ಶ್ಯಾನುಭೋಗರು, ಅವರ ತರುವಾಯ ಗ್ರಾಮ ಲೆಕ್ಕಿಗರು ಪಹಣಿಯನ್ನು ಕೈಯಿಂದಲೇ ಬರೆಯುತ್ತಿದ್ದರು. ನಕಲು ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. 2000ನೇ ಇಸವಿಯ ಸುಮಾರಿಗೆ ಕರ್ನಾಟಕ ಸರಕಾರವು 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಜಮೀನು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಆಮೇಲೆ 2014ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ 'ಮೊಬೈಲ್ ಒನ್' ಎಂಬ ಯೋಜನೆಯನ್ನೂ, 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ 'ಉಮಂಗ್' ಎಂಬ ಆ್ಯಪನ್ನೂ ಆರಂಭಿಸಿದವು. ಕಚೇರಿಯ ಕಿಟಕಿ ಹೀಗೆ ಮೆಲ್ಲಮೆಲ್ಲಗೆ ಜನರ ಜೇಬಿಗೇ ಬಂತು.

ಇಲ್ಲಿಯವರೆಗೆ ಆದದ್ದು ಅನುಕೂಲದ ಮಾತು. ಬೇರೆ ಯಾರೋ ಬರೆದದ್ದನ್ನು ನೀವು ಬೇಗ ಪಡೆಯುವಂತಾಯಿತು, ಅಷ್ಟೆ. 2020ರ ಮುಂಗಾರಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಅದುವರೆಗೆ ಗೊತ್ತುಮಾಡಿದ ಯುವಕರು ಹೊಲಹೊಲ ತಿರುಗಿ ಬೆಳೆಯ ಲೆಕ್ಕ ತೆಗೆದುಕೊಳ್ಳುತ್ತಿದ್ದರು. ಆ ವರ್ಷ ಸರಕಾರವು, ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಮೊಬೈಲಿನಲ್ಲಿ ಮಾಡಬಹುದು ಎಂದು ಆ್ಯಪೊಂದನ್ನು ಕೊಟ್ಟಿತು. ಅಂದರೆ ಲೆಕ್ಕ ಬರೆಯುವ ಲೇಖನಿಯೇ ರೈತನ ಕೈಗೆ ಬಂತು. 'ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಎಂಬ ಗಾದೆ ನಿಮಗೆ ತಿಳಿದದ್ದೇ. ಅದು ಈ ಕೆಲಸಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಸಮೀಕ್ಷೆ ಮಾಡುವ ಕ್ರಮ ಹೀಗಿದೆ. ಆಯಾ ಹಂಗಾಮಿಗೆಂದು ಕೊಟ್ಟ ಆ್ಯಪನ್ನೇ ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಬೇಕು. ಹೆಸರು ನೋಂದಾಯಿಸಿ, ನಿಮ್ಮ ಸರ್ವೆ ನಂಬರು ಮತ್ತು ಹಿಸ್ಸಾ ಸೇರಿಸಬೇಕು. ಊರಿನ ನಕ್ಷೆಯನ್ನು ಸಿಗ್ನಲ್ ಇರುವ ಕಡೆಯೇ ಇಳಿಸಿಕೊಂಡು ಹೊಲಕ್ಕೆ ಹೋಗುವುದು ಮೇಲು. ಹೊಲದ ಒಳಗೇ ನಿಂತು, ಬೆಳೆಯ ಹೆಸರು, ಅದು ಎಷ್ಟು ಎಕರೆ ಎಷ್ಟು ಗುಂಟೆಯಲ್ಲಿದೆ, ಮಳೆಯಾಶ್ರಯವೋ ನೀರಾವರಿಯೋ ಎಂಬುದನ್ನೆಲ್ಲ ತುಂಬಿ ಬೆಳೆಯ ಫೋಟೋ ತೆಗೆಯಬೇಕು. ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಫೋನು ಉಪಗ್ರಹದ ಸಹಾಯದಿಂದ ಕಂಡುಕೊಳ್ಳುತ್ತದೆ. ಆದಕಾರಣ ಮನೆಯ ಜಗಲಿಯ ಮೇಲೆ ಕೂತು ಹೊಲದ ಲೆಕ್ಕ ಬರೆಯುವುದು ನಡೆಯದು. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ ಬರೆದದ್ದನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕ ಕಡೆ ಕಳಿಸಬಹುದು. ಕಳಿಸುವುದನ್ನು ಮಾತ್ರ ಮರೆಯಬೇಡಿ. ಕಳಿಸದೆ ಉಳಿದದ್ದು ಬರೆಯದೆ ಉಳಿದದ್ದಕ್ಕೆ ಸಮ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆಯನ್ನೋ ತೊಗರಿಯನ್ನೋ ಹಾಕಿದ್ದರೆ, 'ಅದೇನು ಮಹಾ, ನಾಲ್ಕು ಸಾಲು' ಎಂದು ಬಿಟ್ಟುಬಿಡಬೇಡಿ. ಅದನ್ನೂ ಬರೆಯಿರಿ. ಮೂರು ಎಕರೆಯಲ್ಲಿ ಎರಡು ಎಕರೆಗೆ ಬಿತ್ತಿ ಒಂದು ಎಕರೆ ಬೀಳು ಬಿಟ್ಟಿದ್ದರೆ, ಬೀಳು ಎಂದೇ ಬರೆಯಿರಿ. ಇದ್ದದ್ದನ್ನು ಇದ್ದಂತೆ ಬರೆಯುವುದರಲ್ಲೇ ನಿಮ್ಮ ಹಿತವಿದೆ.

'ಬರೆಯದಿದ್ದರೆ ಏನಾಗುತ್ತದೆ? ನಮ್ಮಪ್ಪ ಬರೆದಿದ್ದನೇ?' ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಈ ದಾಖಲೆಯನ್ನು ಆಧಾರ ಮಾಡಿಕೊಂಡು ನಡೆಯುವ ಕೆಲಸಗಳನ್ನು ನೋಡಿ. ಬೆಂಬಲ ಬೆಲೆಯಲ್ಲಿ ದವಸ ಕೊಳ್ಳುವಾಗ ಇದನ್ನು ನೋಡುತ್ತಾರೆ. ಬೆಳೆಹಾನಿ ಪರಿಹಾರಕ್ಕೆ ಇದನ್ನು ನೋಡುತ್ತಾರೆ. ಬೆಳೆ ವಿಮೆಗೂ ಇದನ್ನೇ ನೋಡುತ್ತಾರೆ.

ವಿಮೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಆರಂಭವಾಯಿತು. ಇದರಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ರೈತನ ಕಂತು ವಿಮಾ ಮೊತ್ತದ ನೂರಕ್ಕೆ 2. ವಿಮಾ ಮೊತ್ತ 40,000 ರೂಪಾಯಿ ಎಂದಿಟ್ಟುಕೊಂಡರೆ ನೀವು ಕಟ್ಟುವುದು 800 ರೂಪಾಯಿ. ಈಗ ಒಬ್ಬ ರೈತ ತೊಗರಿ ಬಿತ್ತಿ ತೊಗರಿಗೇ ವಿಮೆ ಕಟ್ಟಿದ್ದಾನೆ ಎನ್ನಿ. ಸಮೀಕ್ಷೆಯಲ್ಲಿ ಮಾತ್ರ ಯಾರೋ ಅವನ ಹೊಲಕ್ಕೆ ಹತ್ತಿ ಎಂದು ಬರೆದಿದ್ದಾರೆ. ಮಳೆ ಕೈಕೊಟ್ಟು ತೊಗರಿ ಒಣಗಿತು. ಊರಿನವರಿಗೆಲ್ಲ ಪರಿಹಾರ ಬಂದರೂ ಇವನ ಅರ್ಜಿ 'ಬೆಳೆ ತಾಳೆಯಾಗುವುದಿಲ್ಲ' ಎಂದು ನಿಂತುಹೋಗಬಹುದು. ಕಟ್ಟಿದ 800 ರೂಪಾಯಿ ಹೋಯಿತು, ಬರಬೇಕಾದ ಸಾವಿರಾರು ರೂಪಾಯಿಯೂ ಹೋಯಿತು. ಹೊಲದಲ್ಲಿ ನಿಂತ ತೊಗರಿ ಕಡ್ಡಿ ಸಾಕ್ಷಿ ಹೇಳಲು ಕಚೇರಿಗೆ ಬರುವುದಿಲ್ಲ.

ಪರಿಹಾರದ ಮಾತೂ ಹಾಗೆಯೇ. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರಕಾರ ಘೋಷಿಸಿತು. ಆಗಿನ ಪರಿಹಾರದ ಹಣ 'ಫ್ರೂಟ್ಸ್' ಎಂಬ ರೈತರ ನೋಂದಣಿಯ ಆಧಾರದ ಮೇಲೆ ಬ್ಯಾಂಕ್ ಖಾತೆಗೆ ನೇರವಾಗಿ ಹೋಯಿತು. ಈ ನೋಂದಣಿಯಲ್ಲಿ ರೈತನಿಗೆ ಕೊಡುವ ಗುರುತಿನ ಸಂಖ್ಯೆಯೇ ಎಫ್.ಐ.ಡಿ. ಮೂರು ಕಡೆ ಜಮೀನಿರುವ ರೈತ ಒಂದೇ ಸರ್ವೆ ನಂಬರನ್ನು ಅದಕ್ಕೆ ಸೇರಿಸಿ ಸುಮ್ಮನಾದರೆ, ಉಳಿದ ಎರಡು ಹೊಲಗಳು ಲೆಕ್ಕಕ್ಕೇ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಎಲ್ಲಾ ಸರ್ವೆ ನಂಬರುಗಳೂ ಎಫ್.ಐ.ಡಿ.ಗೆ ಸೇರಿವೆಯೋ ಇಲ್ಲವೋ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು, ಬರೆದದ್ದನ್ನು ನೋಡುವ ಬಗೆ. ಸಮೀಕ್ಷೆಯಲ್ಲಿ ದಾಖಲಾದ ಬೆಳೆಯನ್ನು ರೈತರು ನೋಡಲೆಂದು 'ಬೆಳೆ ದರ್ಶಕ್' ಎಂಬ ಆ್ಯಪನ್ನು ಕೊಟ್ಟಿದ್ದಾರೆ. ಸರ್ವೆ ನಂಬರು ಹಾಕಿದರೆ ಬೆಳೆಯ ಹೆಸರು, ವಿಸ್ತೀರ್ಣ, ಫೋಟೋ ಕಾಣಿಸುತ್ತದೆ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆಗೆ ಅವಧಿ ಇರುತ್ತದೆ. ಬೆಳೆ ಕೊಯ್ದ ಮೇಲೆ ಹೋಗಿ 'ಅಲ್ಲಿ ತೊಗರಿ ಇತ್ತು ಸ್ವಾಮಿ' ಎಂದರೆ ತೋರಿಸಲು ಹೊಲದಲ್ಲಿ ಏನಿದ್ದೀತು? ಬೆಳೆ ಹೊಲದಲ್ಲಿ ನಿಂತಿರುವಾಗಲೇ ನೋಡಿ, ಆಗಲೇ ಕೇಳಿ.

ತಾಯಂದಿರಿಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಜಮೀನು ಹೆಣ್ಣುಮಕ್ಕಳ ಹೆಸರಿನಲ್ಲಿದೆ, ಫೋನು ಗಂಡಸರ ಜೇಬಿನಲ್ಲಿದೆ. ಇನ್ನು ಕೆಲವು ಮನೆಗಳಲ್ಲಿ ಕಚೇರಿಗೆ ಕೊಟ್ಟ ನಂಬರು ಬೆಂಗಳೂರಿನಲ್ಲಿರುವ ಮಗನದು. ಓ.ಟಿ.ಪಿ. ಎಂಬ ಗುಟ್ಟಿನ ಅಂಕಿ ಆ ಫೋನಿಗೆ ಹೋಗುತ್ತದೆ. ಮಗ ಕೆಲಸದಲ್ಲಿದ್ದು ನೋಡುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಮನೆಯಲ್ಲೇ ಇರುವ, ನಿಮ್ಮ ಕೈಗೆ ಸಿಗುವ ನಂಬರನ್ನೇ ಆಧಾರ್‌ಗೂ ಬ್ಯಾಂಕಿಗೂ ಎಫ್.ಐ.ಡಿ.ಗೂ ಕೊಟ್ಟಿರಿ. ನಿಮ್ಮ ಹೆಸರಿನ ಹೊಲಕ್ಕೆ ಏನು ಬರೆದಿದ್ದಾರೆ ಎಂಬುದನ್ನು ಮನೆಯ ಓದುವ ಮಗುವಿನಿಂದಲಾದರೂ ಓದಿಸಿ ಕೇಳಿ.

ಗುಟ್ಟಿನ ಅಂಕಿ ಗುಟ್ಟಾಗಿಯೇ ಇರಬೇಕು. ಪಿ.ಎಂ. ಕಿಸಾನ್ ಹೆಸರಿನಲ್ಲಿ ಸುಳ್ಳು ಆ್ಯಪುಗಳನ್ನು ವಾಟ್ಸಾಪಿನಲ್ಲಿ ಕಳಿಸಿ, ಅದನ್ನು ಒತ್ತಿದವರ ಖಾತೆ ಬರಿದು ಮಾಡುವ ಕಳ್ಳರಿದ್ದಾರೆ. ಯಾರೋ ಕಳಿಸಿದ ಆ್ಯಪನ್ನು ಹಾಕಿಕೊಳ್ಳಬೇಡಿ. ಫೋನಿನಲ್ಲಿ ಅಂಕಿ ಕೇಳಿದವರಿಗೆ ಹೇಳಬೇಡಿ. ಮೋಸ ಹೋದದ್ದು ತಿಳಿದ ಕೂಡಲೇ, ತಡಮಾಡದೆ, 1930ಕ್ಕೆ ಫೋನು ಮಾಡಿ ಬ್ಯಾಂಕಿಗೂ ತಿಳಿಸಿ.

ಕೊನೆಯದಾಗಿ, ದೊಡ್ಡ ಫೋನು ಇಲ್ಲದವರ ಮಾತು. ಫೋನಿಲ್ಲದವನ ಹೊಲ ಹೊಲವಲ್ಲವೇ? ಖಂಡಿತ ಹೊಲವೇ. ವಿಮೆ, ಪರಿಹಾರ, ಬೆಂಬಲ ಬೆಲೆ ರೈತನಿಗಾಗಿ ಇರುವುವು, ಫೋನಿಗಾಗಿ ಅಲ್ಲ. ಸ್ವತಃ ಮಾಡಲಾಗದವರ ಹೊಲದ ಸಮೀಕ್ಷೆಗೆ ಗೊತ್ತುಮಾಡಿದ ಜನ ಬರುತ್ತಾರೆ. ಅವರು ಬಂದಾಗ ಜೊತೆಯಲ್ಲಿ ಹೋಗಿ ನಿಲ್ಲಿ. ಏನು ಬರೆದರೆಂದು ಗಟ್ಟಿಯಾಗಿ ಓದಿಸಿ ಕೇಳಿ. ಬರದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನೋ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ಕೇಳಿ. ಸಣ್ಣ ಫೋನಿನಿಂದಲೂ ರೈತರ ಕರೆ ಕೇಂದ್ರಕ್ಕೆ, 1800-180-1551ಕ್ಕೆ, ಹಣ ಖರ್ಚಿಲ್ಲದೆ ಮಾತಾಡಿ ಸಲಹೆ ಪಡೆಯಬಹುದು. ಊರಿನ ಓದಿದ ಹುಡುಗ ಹುಡುಗಿಯರೂ ಹಂಗಾಮಿನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ನೆರೆಯ ಅಜ್ಜ ಅಜ್ಜಿಯರ ಹೊಲಕ್ಕೆ ಹೋಗಿ ಬಂದರೆ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಾಗಾದರೆ ಮಾಡಬೇಕಾದ್ದು ಮೂರೇ ಕೆಲಸ. ಬಿತ್ತಿದ ಮೇಲೆ ಬರೆಯಿರಿ, ಇಲ್ಲವೇ ಬರೆಯಿಸಿ. ಬೆಳೆ ನಿಂತಿರುವಾಗಲೇ ದಾಖಲೆ ನೋಡಿ. ವಿಮೆಗೆ ಬರೆಸಿದ ಬೆಳೆ, ಸಮೀಕ್ಷೆಯ ಬೆಳೆ, ಹೊಲದ ಬೆಳೆ, ಈ ಮೂರನ್ನೂ ತಾಳೆ ನೋಡಿ. ಬರೆಯುವ ಕೈ ಯಾರದೇ ಆಗಿರಲಿ, ಓದಿ ನೋಡುವ ಕಣ್ಣು ನಿಮ್ಮದಾಗಿರಲಿ.