ಹೆಣ್ಣುಮಕ್ಕಳ ಮುಖಕಾಂತಿ

ಪೌಡರು ಬಳಿಯದೆ ವಾರ್ಷಿಕೋತ್ಸವದ ವೇದಿಕೆ ಹತ್ತಲೊಲ್ಲದ ಹುಡುಗಿಯರನ್ನು ನಾವು ವರ್ಷವರ್ಷವೂ ಕಾಣುತ್ತಿರುವೆವು. ಅವರ ಮುಖದಲ್ಲಿ ದೋಷವೇನೂ ಇಲ್ಲ. ನಮ್ಮ ಸೀಮೆಯ ಗಾಳಿ ಒಣದು. ಹಿರಿಯೂರಿನ ಬಿಸಿಲೂ ದುರ್ಗದ ಬಂಡೆಗಳ ಕಾವೂ ಚರ್ಮವನ್ನು ಬಿರಿಸುವುವು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಅಂಟಾಗಿ ಉಳಿದು ಬಿರುಕನ್ನು ಹೆಚ್ಚಿಸುವುದು. ಇದನ್ನು ಬಣ್ಣಗೇಡೆಂದೆಣಿಸಿ ಕೆಲವು ತಾಯಂದಿರು ಔಷಧದಂಗಡಿಯಿಂದ ಬಿಳುಪಿನ ಮುಲಾಮು ತಂದುಕೊಡುವರು.

ಅಂತಹ ಕೆಲವು ಮುಲಾಮುಗಳಲ್ಲಿ ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡುಗಳಿರುವುವು. ಮೊದಮೊದಲು ಮುಖ ತಿಳಿಯಾಗುವುದು. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ತೋರಿ, ಮೊಡವೆಗಳೇಳುವುವು. ಬಿಟ್ಟೊಡನೆ ಉರಿ, ಉರಿಗಂಜಿ ಮರಳಿ ಲೇಪನ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರಕಾರವು ೨೦೧೮ರಲ್ಲಿ ವಿಧಿಸಿತು. ಆದರೂ ನೆರೆಮನೆಯಾಕೆ ಹೇಳಿದಳೆಂದು ಕೊಳ್ಳುವವರುಂಟು. ಬಹುಕಾಲದಿಂದ ಹಚ್ಚುತ್ತಿರುವ ಹುಡುಗಿಯನ್ನು ಗದರಿಸದೆ ಚರ್ಮವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಮೈಗೆ ಕಪ್ಪುಬಣ್ಣವನ್ನೀಯುವ ಮೆಲನಿನ್ ಬಿಸಿಲಿನಿಂದ ಚರ್ಮವನ್ನು ಕಾಯುವ ವಸ್ತು. ೧೯೭೫ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯೂ ೨೦೨೦ರಲ್ಲಿ ಬಿಳುಪೆಂಬರ್ಥದ ಮೊದಲ ಪದವನ್ನು ತನ್ನ ಹೆಸರಿನಿಂದ ಕಳಚಿತು. ಹೆಣ್ಣು ನೋಡುವ ಮನೆಗಳಲ್ಲಿ ‘ಬಣ್ಣ ತುಸು ಕಡಮೆ’ ಎಂಬ ಮಾತು ಇನ್ನೂ ಕಳಚಿಲ್ಲ. ಹೊಸದುರ್ಗ, ಹೊಳಲ್ಕೆರೆಗಳಿಂದ ಬರುವ ಮಕ್ಕಳೂ ಅದನ್ನು ಕೇಳಿಯೇ ಬೆಳೆದವರು.

ಚರ್ಮಕ್ಕೆ ಬೇಕಾದುದು ಅಲ್ಪವೇ. ಉಗುರುಬೆಚ್ಚಗಿನ ನೀರು, ಮಿತವಾದ ಸಾಬೂನು, ತೇವವಾರುವ ಮುನ್ನವೇ ತುಸು ವ್ಯಾಸಲೀನು, ನಡುಹಗಲಿನಲ್ಲಿ ಕೊಡೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟು ಕಪ್ಪುಕಲೆ ನಿಲ್ಲುವುದು (ಈ ಮನೆಮದ್ದನ್ನು ಯಾರು ಕಲಿಸಿದರೋ!). ಮೊಡವೆಯುಳ್ಳವರು ಕೊಬ್ಬರಿ ಎಣ್ಣೆಯನ್ನು ತಲೆಗೆ ಮಾತ್ರ ಹಚ್ಚಿಕೊಳ್ಳಲಿ, ಮುಖಕ್ಕೆ ಬೇಡ.