ನಿಧಾನದ ನಿದಾನ

‘ನಿಧಾನ’ ಎಂದರೆ ಮಂದಗತಿ. ಮಹಾಪ್ರಾಣವನ್ನು ಕಳೆದು ‘ನಿದಾನ’ ಎಂದರೆ, ವೈದ್ಯಶಾಸ್ತ್ರದಲ್ಲಿ, ರೋಗದ ಮೂಲವನ್ನು ಗುರುತಿಸುವುದು. ‘ಮಾಧವನಿದಾನ’ ಎಂಬ ಗ್ರಂಥದ ಹೆಸರಿನಲ್ಲಿರುವುದು ಈ ಎರಡನೆಯ ಪದ. ಮೊದಲನೆಯದಕ್ಕೆ ನಿಧಿ ಎಂಬ ಅರ್ಥವೂ ಉಂಟು. ನಿವೃತ್ತ ಅಧ್ಯಾಪಕನಿಗೆ ಅದು ಅಪ್ರಸ್ತುತ. ಈ ಎರಡು ಪದಗಳನ್ನು ಒಂದೇ ಬಗೆಯಾಗಿ ಉಚ್ಚರಿಸಬೇಡಿರೆಂದು ಮೂವತ್ತು ವರ್ಷ ತರಗತಿಯಲ್ಲಿ ಗೊಣಗಿದ ನನಗೆ, ನಿಧಾನಕ್ಕೆ ನಿದಾನ ಹುಡುಕುವ ಪ್ರಸಂಗ ಬಂದದ್ದು ನನ್ನ ಹಳೆಯ ಕಾರಿನ ದೆಸೆಯಿಂದ.

ಕಾರು 1989ರ ಪ್ರೀಮಿಯರ್ ಪದ್ಮಿನಿ. ಸ್ಟಿಯರಿಂಗಿನ ಬದಿಗಿರುವ ಗೇರಿನ ಕೋಲು, 1089 ಸಿ.ಸಿ. ಎಂಜಿನ್ನು, ಕಾರ್ಬ್ಯುರೇಟರು. ಮುಂಬಯಿಯಲ್ಲಿ ಟ್ಯಾಕ್ಸಿಗಳಾಗಿ ಉಳಿದಿದ್ದ ಇದರ ಒಡಹುಟ್ಟುಗಳು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದವು. ನನ್ನದು ಮೈಸೂರಿನಲ್ಲಿ ಇನ್ನೂ ಓಡಾಡುತ್ತಿದೆ.

ಆ ವರ್ಷದ ಚಳಿಗಾಲದಲ್ಲಿ ಅದು ಬೆಳಗಿನ ಹೊತ್ತು ಏಳಲು ತಡಮಾಡತೊಡಗಿತು. ಹಿತೈಷಿಗಳು ಬ್ಯಾಟರಿ ಬದಲಿಸಿ ಎಂದರು, ಬದಲಿಸಿದೆ. ಸ್ಟಾರ್ಟರ್ ಮೋಟಾರು ಸವೆದಿರಬೇಕೆಂದರು. ಬಿಚ್ಚಿಸಿ ದುರಸ್ತಿ ಮಾಡಿಸಿದೆ. ಹಣ ಹೋಯಿತು, ರೋಗ ಹೋಗಲಿಲ್ಲ. ಒಂದು ದಿನ ನಸುಕಿನ ನಾಲ್ಕು ಗಂಟೆಗೆ ನನ್ನ ಅಕ್ಕನಿಗೆ ಉಸಿರು ಕಟ್ಟಿಕೊಂಡು ಬಂತು. ಅವಳನ್ನು ಹಿಂದಿನ ಆಸನದಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ, ಎಂಜಿನ್ನು ನರಳಿ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ತಿರುಗಿಸಿದೆ, ಮತ್ತೆ ಅದೇ ನರಳಿಕೆ. ಹಿಂದಿನಿಂದ ಅಕ್ಕನ ಉಸಿರಿನ ಸದ್ದು ಕೇಳುತ್ತಿತ್ತು. ಕಡೆಗೆ ನೆರೆಮನೆಯ ಹುಡುಗರಿಬ್ಬರು ಎದ್ದುಬಂದು ತಳ್ಳಿದರು. ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟೊಡನೆ ಎಂಜಿನ್ನು ಹೊತ್ತಿಕೊಂಡಿತು. ಆಸ್ಪತ್ರೆಯನ್ನು ಸಕಾಲದಲ್ಲಿ ಮುಟ್ಟಿದೆವು.

ಮರುವಾರ ಮಂಡಿಮೊಹಲ್ಲಾದ ವೃದ್ಧ ಮೆಕ್ಯಾನಿಕರೊಬ್ಬರ ಬಳಿ ಈ ಕಥೆ ಹೇಳಿದೆ. ಅವರು ಸ್ಪ್ಯಾನರು ಮುಟ್ಟದೆ ಒಂದೇ ಪ್ರಶ್ನೆ ಕೇಳಿದರು: “ಮೇಷ್ಟ್ರೇ, ಎಂಜಿನ್ನು ತಿರುಗೋದೇ ನಿಧಾನವೋ, ಚೆನ್ನಾಗಿ ತಿರುಗಿ ಹೊತ್ತಿಕೊಳ್ಳೋದು ನಿಧಾನವೋ?”

ವಿಷಯದ ಮರ್ಮವೆಲ್ಲ ಈ ಭೇದದಲ್ಲಿದೆ. ತಿರುಗುವುದೇ ಮಂದವಾದರೆ ದೋಷ ಬ್ಯಾಟರಿ, ತಂತಿ, ಸ್ಟಾರ್ಟರುಗಳ ಕಡೆಗಿರುವುದು ಬಹುಮಟ್ಟಿಗೆ ಖಚಿತ. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲನ್ನೋ ಕಿಡಿಯನ್ನೋ ವಿಚಾರಿಸಬೇಕು. ತಳ್ಳಿದಾಗ ತಕ್ಷಣ ಹೊತ್ತಿಕೊಂಡದ್ದು ಪೆಟ್ರೋಲೂ ಕಿಡಿಯೂ ಸರಿಯಾಗಿವೆ ಎಂಬುದಕ್ಕೆ ಸಾಕ್ಷಿಯಾಗಿತ್ತು. ಸಾಕ್ಷಿ ನನ್ನ ಕೈಯಲ್ಲೇ ಇತ್ತು, ಓದಲು ಬರಲಿಲ್ಲ.

ಅವರು ಮುಂದೀಪ ಹಚ್ಚಿ, ನನ್ನಿಂದ ಕೀಲಿ ತಿರುಗಿಸಿಸಿದರು. ಬ್ಯಾಟರಿ ದುರ್ಬಲವಾಗಿದ್ದರೆ ಆಗ ದೀಪ ಮಂಕಾಗಿ ಆರಿಹೋಗುವಂತಾಗುತ್ತದೆ. ಇಲ್ಲಿ ಎಂಜಿನ್ನು ನರಳುತ್ತಿದ್ದರೂ ದೀಪ ಹೆಚ್ಚುಕಡಿಮೆ ಹಾಗೆಯೇ ಬೆಳಗುತ್ತಿತ್ತು. ಬ್ಯಾಟರಿಯಲ್ಲಿ ಶಕ್ತಿಯಿದೆ, ಸ್ಟಾರ್ಟರನ್ನು ಮುಟ್ಟುತ್ತಿಲ್ಲ ಎಂದಾಯಿತು. ಬಳಿಕ ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಮತ್ತೆ ಕೀಲಿ ತಿರುಗಿಸಲು ಹೇಳಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದ ಮುಳ್ಳು ಎರಡನ್ನು ದಾಟಿತು.

ಇದರ ಕಾರಣ ಸ್ವಾರಸ್ಯವಾಗಿದೆ. ವಿದ್ಯುತ್ತು ಹೋದರೆ ಸಾಲದು, ಹಿಂತಿರುಗಿ ಬರಬೇಕು. ಕಾರಿನಲ್ಲಿ ಹಿಂತಿರುಗುವ ದಾರಿ ಲೋಹದ ಮೈಯೇ. ಆದರೆ ಎಂಜಿನ್ನು ಕೂತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಆದ್ದರಿಂದ ಎಂಜಿನ್ನಿಗೂ ಮೈಗೂ ನಡುವೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ನನ್ನ ಅನಾದರದಿಂದ ಅದರ ಬುಡ ಎಣ್ಣೆ, ಕೆಸರು, ಕಿಲುಬುಗಳಲ್ಲಿ ಮುಳುಗಿತ್ತು. ದೀಪಕ್ಕೆ ಈ ದಾರಿ ಬೇಡ, ಅದು ನೇರವಾಗಿ ಮೈಗೆ ಸೇರಿದೆ, ಆದಕಾರಣ ಬೆಳಗುತ್ತಿತ್ತು. ಸ್ಟಾರ್ಟರಿಗಾದರೋ ನೂರಕ್ಕೂ ಮೀರಿದ ಆಂಪಿಯರ್ ಬೇಕು. 150 ಆಂಪಿಯರ್ ಹರಿಯುವಲ್ಲಿ ಒಂದು ಓಮಿನ ನೂರನೆಯ ಒಂದು ಪಾಲು ತಡೆಯಿದ್ದರೂ ಒಂದೂವರೆ ವೋಲ್ಟು ದಾರಿಯಲ್ಲೇ ಲಯವಾಗುತ್ತದೆ. ಚಳಿಯಲ್ಲಿ ಎಂಜಿನ್ ಎಣ್ಣೆ ಮಂದವಾಗಿ ಬ್ಯಾಟರಿಯ ಕಸುವೂ ಕುಗ್ಗುವುದರಿಂದ ಆ ನಷ್ಟ ತಾಳಲಾರದ್ದಾಗುತ್ತದೆ.

ಪಟ್ಟಿಯನ್ನು ಬದಲಿಸಿ, ತುದಿಗಳು ಕೂರುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿದರು. ಅದಕ್ಕಾದ ಖರ್ಚು ನಾನು ಸುಮ್ಮನೆ ಕೊಂಡ ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ. ಆ ಬ್ಯಾಟರಿ ಕೊಂಡಾಗ ಹಳೆಯದನ್ನು ಅಳೆದು ನೋಡುವಷ್ಟು ವಿವೇಕವೂ ನನಗಿರಲಿಲ್ಲ. ರಾತ್ರಿಯೆಲ್ಲ ವಿಶ್ರಮಿಸಿದ ಬ್ಯಾಟರಿ 12.6 ವೋಲ್ಟಿನಷ್ಟು ತೋರಿದರೆ ಅದು ತುಂಬಿದೆ, 12.2ರ ಸುಮಾರಿಗೆ ಅರ್ಧ ಬರಿದಾಗಿದೆ.

ಚುರುಕಾಗಿ ತಿರುಗಿ ತಡವಾಗಿ ಹೊತ್ತಿಕೊಳ್ಳುವ ಜಾತಿಯದನ್ನೂ ಹೇಳಬೇಕು. ನಾಲ್ಕಾರು ದಿನ ನಿಂತ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಆವಿಯಾಗಿ ಇಳಿದುಹೋಗುತ್ತದೆ. ಎಂಜಿನ್ನಿನಿಂದಲೇ ನಡೆಯುವ ಪಂಪು ಅದನ್ನು ಮತ್ತೆ ತುಂಬುವವರೆಗೆ ಕೆಲವು ಕ್ಷಣ ಕಾಯಬೇಕಾದದ್ದು ರೋಗವಲ್ಲ, ಸ್ವಭಾವ. ದಿನವೂ ಓಡುವ ಕಾರಿಗೆ ಹಾಗಾದರೆ ಮಾತ್ರ ಶಂಕಿಸಬೇಕು. ಎಂಜಿನ್ನು ಆರಿಸಿದ್ದಾಗ ಗಾಳಿಸೋಸಕದ ಮುಚ್ಚಳ ತೆಗೆದು, ಆಕ್ಸಿಲರೇಟರಿನ ಸರಳನ್ನು ಕೈಯಿಂದ ಎಳೆದರೆ ಒಳಗೆ ಪೆಟ್ರೋಲು ಸಣ್ಣಗೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲು ತುಂಬಿದೆ. ಚೋಕನ್ನೂ ಪ್ಲಗ್ಗುಗಳನ್ನೂ ನೋಡಿ. ಚಿಮ್ಮದಿದ್ದರೆ ಪಂಪಿನ ಕಡೆಗೆ ನಡೆಯಿರಿ. ಈ ಪರೀಕ್ಷೆಯ ಹೊತ್ತಿನಲ್ಲಿ ಬೀಡಿ ಸೇದುವ ಸ್ನೇಹಿತರನ್ನು ದೂರವಿಡುವುದು ಲೇಸು. ಸ್ಟಾರ್ಟರನ್ನೂ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯದೆ, ನಡುವೆ ಅರ್ಧ ನಿಮಿಷ ಬಿಡಬೇಕು. ಅದು ಬೇಗ ಕಾಯುವ ಯಂತ್ರ.

ಅಕ್ಕ ಈಗ ಚೆನ್ನಾಗಿದ್ದಾಳೆ. ಕಾರೂ ಕೀಲಿ ತಿರುಗಿಸಿದ ಎರಡನೆಯ ಸುತ್ತಿಗೆ ಏಳುತ್ತದೆ. ಆದರೂ ಅವಳು ಮೆಟ್ಟಿಲ ಮೇಲೆಯೇ ನಿಂತು, “ಸ್ಟಾರ್ಟ್ ಆಯ್ತೇನೋ?” ಎಂದು ಕೇಳಿ, ಸದ್ದು ಕಿವಿಗೆ ಬಿದ್ದ ಮೇಲೆಯೇ ಕೆಳಗಿಳಿಯುತ್ತಾಳೆ.